ಬಳೆಯ ಸದ್ದಿಗೆ ಬದಲಾದ ಗೇರು

ಯಾವ ಕೆಲಸವನ್ನಾದರೂ ಹೇಗೆ ಮಾಡಬೇಕೆಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವಾಗ ಮಾಡಬೇಕೆಂದು ಹೇಳಿಕೊಡುವವರು ಸಿಗುವುದಿಲ್ಲ. ನನ್ನ ತೊಂದರೆಯೆಲ್ಲ ಈ ‘ಯಾವಾಗ’ದ್ದು. ಹಾಸನದ ಕೋರ್ಟಿನಲ್ಲಿ ವಕೀಲನಾಗಿದ್ದಾಗ, ಮುನ್ಸೀಫರು ನನ್ನ ಮಾತಿಗೆ ಒಪ್ಪಿ ತಲೆಯಾಡಿಸಿದ ಮೇಲೂ ಇನ್ನರ್ಧ ಗಂಟೆ ವಾದಿಸಿ, ಅವರ ಮನಸ್ಸನ್ನು ತಿರುಗಿಸಿ, ಸೋತು ಬಂದ ಮೊಕದ್ದಮೆಗಳಿವೆ. ನೆಂಟರು ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದ ಮೇಲೆ ‘ಕಾಫಿ ಆಗಲಿ’ ಎನ್ನುವವನು ನಾನು. ಇಂಥವನು ಕಾರು ಕೊಳ್ಳಬಾರದಿತ್ತು. ಕೊಂಡರೂ ಅಂಥ ಕಾರನ್ನು ಕೊಳ್ಳಬಾರದಿತ್ತು.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷವಿದ್ದ ಕಾಲ. ಮಂಜರಾಬಾದಿನ ಕಡೆಯ ಬಿಳಿಯ ದೊರೆಯೊಬ್ಬರು ಕಾಫಿ ತೋಟ ಮಾರಿ ತಮ್ಮ ಸೀಮೆಗೆ ಹೊರಟಾಗ ಅವರ ಕಾಗದಪತ್ರ ನೋಡಿಕೊಂಡವನು ನಾನು. ಕಾಗದಪತ್ರದ ಜೊತೆಗೆ ಅವರ ಕಾರೂ ಅಗ್ಗದ ಬೆಲೆಗೆ ನನ್ನ ಪಾಲಿಗೆ ಬಂತು. ತಲೆಯ ಮೇಲೆ ಮಡಿಸುವ ಕ್ಯಾನ್ವಾಸು, ಆಳುದ್ದದ ಮೂತಿ, ಕೆಂಪು ಬಣ್ಣ. ಮದರಾಸಿನಲ್ಲಿ ಪಂದ್ಯಕ್ಕೆ ಓಡಿದ ಗಾಡಿಯಂತೆ. ಹಾಸನದ ಬೀದಿಗಳಲ್ಲಿ ಅದಕ್ಕೆ ಎದುರಾಳಿಯೆಂದರೆ ಜಟಕಾ ಕುದುರೆಗಳು. ಮೊದಲ ತಿಂಗಳೆಲ್ಲ ಅವೇ ಗೆದ್ದವು.

ಓಡಿಸುವುದನ್ನು ಕಲಿಸಲು ಬಂದವನು ಅರಕಲಗೂಡು ಲೈನಿನ ಬಸ್ ಡ್ರೈವರ್ ಕೆಂಪಯ್ಯ. ಕ್ಲಚ್ಚು ತುಳಿ, ಗೇರು ತೆಗಿ, ಬಿಡು, ಮತ್ತೆ ತುಳಿ, ಮುಂದಿನ ಗೇರಿಗೆ ಹಾಕು — ಇಷ್ಟನ್ನು ಮೂರು ದಿನದಲ್ಲಿ ಕಲಿತೆ. ಆದರೆ ಯಾವಾಗ? “ಇಂಜಿನ್ನೇ ಯೋಳ್ತದೆ ಕಣ್ ಸಾ,” ಎಂದ ಕೆಂಪಯ್ಯ. “ಕಿರುಚ್ಕೊಂಡ್ರೆ ಮ್ಯಾಲಕ್ಕಾಕಿ, ಗೊಣಗಿದ್ರೆ ಕೆಳಕ್ಕಾಕಿ. ಅಷ್ಟೇಯ.” ನನಗೆ ಅದು ಕಿರುಚುವುದೂ ಗೊಣಗುವುದೂ ಒಂದೇ ಥರ ಕೇಳುತ್ತಿತ್ತು. ಸಂಗೀತ ಕಛೇರಿಗೆ ಹೋದರೆ ಪಕ್ಕದವರು ತಲೆದೂಗಿದಾಗ ತಲೆದೂಗಿ ಎದ್ದುಬರುವವನು ನಾನು. ನಾನು ಗೇರು ಬದಲಿಸಿದಾಗಲೆಲ್ಲ ಒಳಗಿನ ಹಲ್ಲುಗಳು ಕರಕರ ಕಡಿದು, ಬೀದಿಯವರೆಲ್ಲ ಬಾಗಿಲಿಗೆ ಬರುತ್ತಿದ್ದರು. ಎಂಟನೆಯ ದಿನ ಕೆಂಪಯ್ಯ ಕೈಮುಗಿದ. “ಸಾ, ನಿಮ್ಗೆ ಕಾನೂನೇ ಸರಿ. ಈ ಗಾಡಿ ಪಾಪ ಏನು ಮಾಡಿತ್ತು?”

ನನ್ನನ್ನು ಉದ್ಧಾರ ಮಾಡಿದವಳು ಹೆಂಡತಿ ವಿಮಲೆ. ಆ ಕಾಲದ ಮರ್ಯಾದೆಯಂತೆ ಅವಳು ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂರುತ್ತಿದ್ದಳು. ಗಂಡನಿಗೆ ನಾಲ್ಕು ಜನರೆದುರು ‘ಹೀಗೆ ಮಾಡಿ’ ಎನ್ನುವುದು ನಮ್ಮ ಜೈನರ ಮನೆಗಳಲ್ಲಿ ಇರಲಿ, ಯಾರ ಮನೆಯಲ್ಲೂ ಇರಲಿಲ್ಲ. ನಮ್ಮದಾದರೋ ಮೇಲೆ ಮುಚ್ಚದ ಗಾಡಿ, ಹಾಸನವೇ ಕೇಳುತ್ತಿತ್ತು. ಒಂದು ದಿನ ಬೂವನಹಳ್ಳಿಯ ದಾರಿಯಲ್ಲಿ ಹಿಂದಿನಿಂದ ‘ಘಲ್’ ಎಂದಿತು. ನಾನು ಏನೋ ಎಂದು ಬೆಚ್ಚಿ ಗೇರು ಬದಲಿಸಿದೆ. ಬೆಣ್ಣೆಯಲ್ಲಿ ಕೂದಲೆಳೆದಂತೆ ಗೇರು ಬಿತ್ತು! ಮನೆಗೆ ಬಂದ ಮೇಲೆ ಅವಳು ನೆಲ ನೋಡುತ್ತ ಹೇಳಿದಳು: “ಒಂದು ಸಲ ಬಳೆ ಅಲ್ಲಾಡಿಸಿದರೆ ಮೇಲಕ್ಕೆ, ಎರಡು ಸಲ ಅಲ್ಲಾಡಿಸಿದರೆ ಕೆಳಕ್ಕೆ. ಯಾರಿಗೂ ಗೊತ್ತಾಗಲ್ಲ.” ಅಂದಿನಿಂದ ನನ್ನ ಕೀರ್ತಿ ಹೊಳೆನರಸೀಪುರದವರೆಗೆ ಹಬ್ಬಿತು. ಕೆಂಪಯ್ಯನೂ ಬಸ್ಸು ನಿಲ್ಲಿಸಿ ನೋಡಿ, “ಅಂಗೇ ಓಡ್ಸಬೇಕು ಕಣ್ ಸಾ,” ಎಂದ. ನಾನು ಮೀಸೆ ತಿರುವಿದೆ. ಎಷ್ಟು ನಾಚಿಕೆಗೆಟ್ಟವನು ನೋಡಿ.

ಹೀಗೆ ಒಂದೂವರೆ ವರ್ಷ ಸುಖವಾಗಿ ಕಳೆಯಿತು. ಆಮೇಲೆ ವಿಮಲೆ ಬಸುರಿಯಾದಳು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಚನ್ನರಾಯಪಟ್ಟಣದ ತವರಿಗೆ ಕಳಿಸಬೇಕು. ಮಾವನವರು ಮೆತ್ತೆ ಹಾಸಿದ ಕಮಾನುಗಾಡಿ ಕಳಿಸುತ್ತೇನೆ ಎಂದರು. ವಿಮಲೆಗೆ ಕಾರಿನಲ್ಲೇ ಹೋಗುವ ಆಸೆ. ಬಾಯಿಬಿಟ್ಟು ಏನನ್ನೂ ಕೇಳದವಳು ಇದೊಂದನ್ನು ಕೇಳಿದ್ದಳು. ನಾನು ಜಂಬದಿಂದ, ತುಂಬಿದ ಬಿಂದಿಗೆ ತುಳುಕದ ಹಾಗೆ ತಂದಿಳಿಸುತ್ತೇನೆ ಎಂದು ಮಾವನವರಿಗೆ ಕಾಗದ ಬರೆದೆ. ಕರೆದೊಯ್ಯಲು ಬಂದ ಅತ್ತೆಯವರು ಒಪ್ಪಿದರು, ಆದರೆ ಎರಡು ಷರತ್ತು. ಹುಡುಗಿಗೆ ಒಂದು ಕುಲುಕೂ ಆಗಬಾರದು. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ಅಮ್ಮ ಬಿಟ್ಟರೆ ಮಗಳೂ ಬಿಡುತ್ತಾಳೆ, ಮಗಳು ಬಿಟ್ಟರೆ ಹೊಟ್ಟೆಯಲ್ಲಿರುವುದಕ್ಕೂ ಉಪವಾಸ. ಇದನ್ನೆಲ್ಲ ಅವರು ಬಾಗಿಲ ಹಿಂದೆ ನಿಂತು “ಅಳಿಯಂದಿರಿಗೆ ಹೇಳಮ್ಮ” ಎಂದು ಮಗಳ ಮೂಲಕ ತಿಳಿಸಿದರು. ಮದುವೆಯಾಗಿ ನಾಲ್ಕು ವರ್ಷವಾದರೂ ಅತ್ತೆಯವರು ನನ್ನೊಡನೆ ನೇರವಾಗಿ ಒಂದು ಮಾತಾಡಿದವರಲ್ಲ.

ಗುರುವಾರ ರಾಹುಕಾಲ ಕಳೆದು ಮೂರಕ್ಕೆ ಹೊರಟೆವು. ಊರ ಬಾಗಿಲು ದಾಟುವುದರೊಳಗೆ ನನಗೆ ಅನಾಹುತ ತಿಳಿಯಿತು. ಸೀಮಂತದಲ್ಲಿ ಬಳೆಗಾರ ಬಂದು ವಿಮಲೆಯ ಎರಡು ಕೈಗೂ ಮೊಣಕೈತನಕ ಹಸಿರು ಗಾಜಿನ ಬಳೆ ತೊಡಿಸಿದ್ದ. ಜೊತೆಗಿದ್ದವರು ಬರಿಗೈಲಿ ಇರಬಾರದೆಂದು ಅತ್ತೆಯವರಿಗೂ ಡಜನ್ನುಗಟ್ಟಲೆ ಏರಿಸಿದ್ದ. ಕಲ್ಲು ಸಿಕ್ಕರೆ ಘಲ್. ಗುಂಡಿ ಸಿಕ್ಕರೆ ಘಲ್ ಘಲ್. ಅತ್ತೆಯವರು ಸೆರಗು ಸರಿಮಾಡಿಕೊಂಡರೆ ಘಲಘಲಘಲ. ಒಂದೂವರೆ ವರ್ಷದ ಅಭ್ಯಾಸ; ನನ್ನ ಕೈ ನನ್ನ ಮಾತು ಕೇಳಲಿಲ್ಲ. ಸದ್ದಾದಾಗಲೆಲ್ಲ ಗೇರು ಬದಲಿಸಿದೆ. ನಾಲ್ಕರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಯಾವುದಕ್ಕೂ ಸೇರದೆ ನಡುವೆ. ಗಾಡಿ ಮುಗ್ಗರಿಸಿತು, ಕುಲುಕಾಡಿತು. ಅದು ಕುಲುಕಿದರೆ ಬಳೆ ಇನ್ನಷ್ಟು ಸದ್ದು ಮಾಡುತ್ತಿತ್ತು, ನಾನು ಇನ್ನಷ್ಟು ಬದಲಿಸುತ್ತಿದ್ದೆ.

ಶಾಂತಿಗ್ರಾಮದ ಹತ್ತಿರ ಅತ್ತೆಯವರು, “ಗಾಡಿ ನಿಲ್ಲಿಸೋಕೆ ಹೇಳಮ್ಮ. ಇಲ್ಲೇ ಯಾರದಾದರೂ ಎತ್ತಿನಗಾಡಿ ಕಟ್ಟಿಸೋಣ,” ಎಂದರು. ನಿಲ್ಲಿಸಿದೆ. ತಿರುಗಿ ನೋಡುವ ಧೈರ್ಯವಿರಲಿಲ್ಲ. ಎತ್ತಿನಗಾಡಿಯಲ್ಲಿ ಹೋದರೆ ನಡುರಾತ್ರಿಯ ಮೊದಲು ಊರು ಸಿಗದು. ಬಸುರಿ ಹೆಂಗಸು ಹಸಿದುಕೊಂಡು ಮಲಗಬೇಕು. ಅದಕ್ಕಿಂತ ಹೆಚ್ಚಾಗಿ, ಅವಳು ಕೇಳಿದ್ದ ಒಂದೇ ಒಂದನ್ನು ನಾನು ಕೆಡಿಸಿದ್ದೆ. ನಿಜವಾಗಿ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಆಗ ವಿಮಲೆ ಅಮ್ಮನ ಕಿವಿಯಲ್ಲಿ ಗುಟ್ಟನ್ನೆಲ್ಲ ಹೇಳಿಬಿಟ್ಟಳು. ಗುಸುಗುಸು ಬಹಳ ಹೊತ್ತು ನಡೆಯಿತು. “ಗಂಡನಿಗೆ ಬಳೆ ಅಲ್ಲಾಡಿಸ್ತೀಯೇನೇ?” ಎಂದು ಅತ್ತೆಯವರು ಗದರಿದ್ದು ನನಗೆ ಕೇಳಿಸಿತು. ಆಮೇಲೆ, “ನಾನಾದರೂ ಕೆಮ್ಮುತ್ತಿದ್ದೆ,” ಎಂದದ್ದೂ ಕೇಳಿಸಿತು. ಮಾವನವರ ಯಾವ ಗೇರನ್ನು ಆ ಕೆಮ್ಮು ಬದಲಿಸುತ್ತಿತ್ತೋ ನಾನು ವಿಚಾರಿಸಲಿಲ್ಲ. ತಾಯಿ ಮಗಳು ತಮ್ಮ ಬಳೆಗಳನ್ನೆಲ್ಲ ಮೇಲಕ್ಕೆ ಸರಿಸಿ ಸೆರಗಿನಿಂದ ಬಿಗಿದುಕೊಂಡರು. ಗಾಡಿ ಹೊರಟಿತು.

ಮುಂದಿನ ಹಾದಿ ಅವರಿಬ್ಬರ ಸಂಭಾಷಣೆಯ ಮೇಲೆ ನಡೆಯಿತು. “ಅಮ್ಮ, ಈಗ ಮೂರನೆಯದಕ್ಕೆ ಹಾಕಿದರೆ ಚೆನ್ನಾಗಿರುತ್ತೇನೋ,” ಎನ್ನುವಳು ಮಗಳು. “ಇನ್ನೊಂದು ಚೂರು ತಾಳಲಮ್ಮ. ಬೀಸೋಕಲ್ಲಿಗೆ ಹಾಕಿದ ಕಾಳು ಮುಗಿದಾಗ ಸದ್ದು ಹಗುರಾಗಲ್ವೇ, ಹಾಗೆ ಆಗಲಿ... ಹಾಂ, ಈಗ ಹಾಕಬಹುದು,” ಎನ್ನುವರು ತಾಯಿ. ನನ್ನನ್ನು ಯಾರೂ ಮಾತಾಡಿಸಲಿಲ್ಲ. ನಾನು ಕದ್ದು ಕೇಳುತ್ತಿದ್ದೆ, ಅಷ್ಟೆ. ಗಾಡಿ ತೊಟ್ಟಿಲಿನ ಹಾಗೆ ಸಾಗಿತು. ಕೊನೆಯಲ್ಲೊಂದು ಏರು ಬಂತು. ಹೊತ್ತು ಆಗಲೇ ಕೆಂಪಾಗಿತ್ತು. ಗಾಡಿ ಅರ್ಧ ಏರಿ ನಡುಗತೊಡಗಿತು. ವಿಮಲೆ, “ಅಮ್ಮ, ಎರಡನೆಯದಕ್ಕೆ...” ಎಂದು ಶುರು ಮಾಡುವುದರೊಳಗೆ ಅತ್ತೆಯವರು ಎದ್ದು ನಿಂತು, ನನ್ನ ಸೀಟಿನ ಬೆನ್ನು ಹಿಡಿದು ಕೂಗಿದರು: “ಹಾಕೀಪ್ಪಾ ಅಳಿಯಂದಿರೇ, ಎರಡಕ್ಕೆ ಹಾಕಿ! ಈಗ!”

ಹಾಕಿದೆ. ಏರಿತು. ನಾಲ್ಕು ವರ್ಷದಲ್ಲಿ ಅತ್ತೆಯವರು ನನಗೆ ಆಡಿದ ಮೊದಲ ಮಾತು ಅದು. ಈಗಲೂ ಯಾರಾದರೂ ಆಶೀರ್ವಾದ ಎಂದರೆ ನನಗೆ ಅದೇ ನೆನಪಾಗುತ್ತದೆ.

ಚನ್ನರಾಯಪಟ್ಟಣ ಸೇರಿದಾಗ ಸೂರ್ಯ ಇನ್ನೂ ಮೊಳದೆತ್ತರದಲ್ಲಿದ್ದ. ಎಲೆ ಹಾಕಿಸಿ ಕಾಯುತ್ತಿದ್ದ ಮಾವನವರು ಮಗಳ ಮುಖ ನೋಡಿದರು, ದಣಿವಿಲ್ಲ. “ಭಲೆ! ಹೀಗೆ ಓಡಿಸೋರು ಮೈಸೂರಿನಲ್ಲೂ ಇಲ್ಲ,” ಎಂದು ನನ್ನ ಬೆನ್ನು ತಟ್ಟಿದರು. ಅತ್ತೆಯವರು ಆಗಲೇ ಬಾಗಿಲ ಹಿಂದೆ ಸೇರಿಬಿಟ್ಟಿದ್ದರು. ನಿಜ ಹೇಳಲು ಅದು ಸರಿಯಾದ ಹೊತ್ತು. ನಾನು ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡೆ.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಹೊರಡುವಾಗ, “ಒಬ್ಬರೇ ಹೇಗೆ ಹೋಗ್ತಾರೆ ಕೇಳಮ್ಮ,” ಎಂದಿತು ಬಾಗಿಲ ಹಿಂದಿನ ದನಿ. ವಿಮಲೆ ನನ್ನ ಮುಖ ನೋಡಿದಳು. “ಇಷ್ಟು ಚೆನ್ನಾಗಿ ಓಡಿಸೋರಿಗೆ ಜೊತೆ ಯಾಕೆ?” ಎಂದು ಮಾವನವರು ನಕ್ಕರು. ನಾನೂ ನಕ್ಕೆ. ಬೀದಿಯ ತಿರುವು ದಾಟಿದ ಮೇಲೆ ಹಿಂದಿನ ಸೀಟು ಖಾಲಿ ಇದೆಯೆಂಬುದು ನಿಜವಾಗಿ ತಿಳಿಯಿತು. ಇಂಜಿನ್ನು ಕಿರುಚುತ್ತಿತ್ತೋ ಗೊಣಗುತ್ತಿತ್ತೋ ದೇವರೇ ಬಲ್ಲ. ಇಪ್ಪತ್ತಮೂರು ಇಪ್ಪತ್ತನಾಲ್ಕು ಮೈಲಿಯನ್ನು ಎರಡನೆಯ ಗೇರಿನಲ್ಲೇ, ಕುದಿಯುವ ರೇಡಿಯೇಟರಿಗೆ ಕಂಡ ಕಂಡ ಕೆರೆಯ ನೀರು ಹೊಯ್ಯುತ್ತ ಬಂದೆ. ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ಅಡಿಗೆಯವನು ಪಾತ್ರೆ ತೊಳೆದು ಕವುಚಿದ್ದ. ಹಸಿದ ಹೊಟ್ಟೆಯಲ್ಲೇ ಕೂತು ಮಾವನವರಿಗೆ ಕಾಗದ ಬರೆದೆ: ‘ಸುಖವಾಗಿ ಊರು ಸೇರಿದೆ. ಗಾಡಿ ಎಲ್ಲೂ ಕುಲುಕಲಿಲ್ಲ.’ ಎಷ್ಟು ಹೊತ್ತಿಗೆ ಸೇರಿದೆ ಎಂಬುದನ್ನು ಬರೆಯಲಿಲ್ಲ.