ಫ್ಲ್ಯಾಶ್ ಬ್ಯಾಡ, ಯಾರೂ ಅಲುಗಾಡಬ್ಯಾಡ್ರಿ

ಕ್ಯಾಮೆರಾ ಕೊರಳಿಗೆ ಬಿದ್ದ ದಿನದಿಂದ ನಾನು ಒಂದು ಮನೆಗೆ ಹೋಗಿ ಮರ್ಯಾದೆಯಿಂದ ಹೊರಗೆ ಬಂದದ್ದಿಲ್ಲ.

ತಪ್ಪು ಅರ್ಧ ನನ್ನದು, ಅರ್ಧ ಬ್ಯಾಡಗಿಯಲ್ಲಿರುವ ನಮ್ಮ ಅಕ್ಕನ ಅತ್ತೆಯದು. ತೊಂಬತ್ತರ ಆ ಅಜ್ಜಿಗೆ ಕಣ್ಣಿನ ಆಪರೇಷನ್ ಆದಾಗಿನಿಂದ ಫ್ಲ್ಯಾಶ್ ಕಂಡರಾಗದು. ಮಿಂಚಿತೋ, ಸೆರಗು ಮುಖಕ್ಕೆ. ಮರಿಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅಜ್ಜಿಯ ಮಡಿಲಲ್ಲಿ ಕೂಸನ್ನಿಟ್ಟು ಒಂದು ಫೋಟೋ ಬೇಕೆಂದು ಅಕ್ಕನಿಗೆ ಬಹಳ ಆಸೆ. "ಫ್ಲ್ಯಾಶ್ ಇಲ್ಲದ ನಾ ತೆಗೀತೇನಿ" ಎಂದುಬಿಟ್ಟೆ. ಅಕ್ಕ ಸ್ಟುಡಿಯೋದವರಿಗೆ ಬರಬೇಡಿ ಎಂದು ಹೇಳಿಯೂಬಿಟ್ಟಳು. ರಿಟೈರಾದ ಗಣಿತದ ಮಾಸ್ತರ ನಾನು; ಐಎಸ್‌ಒ, ಅಪರ್ಚರ್, ಶಟರ್ ಎಂಬ ಕ್ಯಾಮೆರಾದ ಮೂರು ಅಂಕಿ ಹೊಂದಿಸುವುದು ಎಷ್ಟರ ಕೆಲಸ?

ರಾಣೆಬೆನ್ನೂರು: ಅಡುಗೆಮನೆ

ಮೊದಲ ಅಭ್ಯಾಸ ಮನೆಯಲ್ಲೇ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮೇಲೆ. ಐಎಸ್‌ಒ ಏರಿಸಿದರೆ ಕತ್ತಲಲ್ಲೂ ಬೆಳಕು ಬರುತ್ತದೆ ಎಂದು ಓದಿದ್ದೆ. ತುದಿಯವರೆಗೆ ಏರಿಸಿದೆ. ಬೆಳಕೇನೋ ಬಂತು, ಜೊತೆಗೆ ಮುಖದ ತುಂಬ ಕಾಳುಕಾಳು.

"ಏನ್ರಿ, ನನ್ನ ಮಾರಿ ಮ್ಯಾಲೆ ರವಾ ಸುರುವೀರೇನು?"

"ಅದು ಐಎಸ್‌ಒ."

"ಏನರ ಇರ್ಲಿ, ಜರಡಿ ಹಿಡೀರಿ."

ಹಾವೇರಿ: ನಿಶ್ಚಯ

ಗೆಳೆಯನ ಮಗಳ ನಿಶ್ಚಯ. ಈ ಸಲ ಐಎಸ್‌ಒ ಇಳಿಸಿ, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಪೂರ್ತಿ ತೆರೆದೆ. ಬೆಳಕು ಬಂತು, ಕಾಳಿಲ್ಲ. ಗೆದ್ದೆ ಎಂದು ಗೆಳೆಯನಿಗೆ ತೋರಿಸಿದೆ. ಮುಂದೆ ಕೂತ ಬೀಗರ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಹಿಂದೆ ಕೂತ ಮಗಳು ಬರೀ ಬಣ್ಣದ ಮುದ್ದೆ.

"ಮಾಸ್ತರ, ನಿಶ್ಚಯ ಯಾರದು? ನನ್ನ ಮಗಳದೋ, ಆ ಮೀಸೀದೋ?"

ಬಸ್ಸಿನಲ್ಲಿ ಬರುವಾಗ ತಲೆ ಗಿಮ್ಮೆಂದಿತು. ಐಎಸ್‌ಒ ಏರಿಸಿದರೆ ರವೆ, ಕಿಂಡಿ ತೆರೆದರೆ ಮುದ್ದೆ, ಶಟರ್ ನಿಧಾನ ಮಾಡಿದರೆ ಅಲುಗಿದವರೆಲ್ಲ ಮಸುಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂವತ್ತು ವರ್ಷ ಲೆಕ್ಕ ಕಲಿಸಿದವನಿಗೆ ಮೂರು ಅಂಕಿ ಕೂಡಿಬರಲಿಲ್ಲ. ಅಕ್ಕನ ಮುಖ ನೆನೆದು ಖರೇ ಹೆದರಿಕೆಯಾಯಿತು.

ಬ್ಯಾಡಗಿ: ತೊಟ್ಟಿಲು

ಅಕ್ಕನ ಮನೆಯವರದು ಮೆಣಸಿನಕಾಯಿ ವ್ಯಾಪಾರ. ನಡುಮನೆಗೆ ಅಂಟಿಕೊಂಡೇ ಚೀಲ ತುಂಬಿದ ಕೋಣೆ. ಕೂಸು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿತ್ತು, ಸುತ್ತ ಮನೆಮಂದಿ. ಕ್ಯಾಮೆರಾವನ್ನು ಟ್ರೈಪಾಡಿಗೆ ಸಿಕ್ಕಿಸಿ, ಶಟರ್ ಒಂದು ಸೆಕೆಂಡಿಗೆ ಇಟ್ಟೆ.

"ಯಾರೂ ಅಲುಗಾಡಬ್ಯಾಡ್ರಿ! ಉಸಿರೂ ಬಿಡಬ್ಯಾಡ್ರಿ!" ಎಂದು ಮಾಸ್ತರಿಕೆ ತೋರಿಸಿದೆ.

ಎಲ್ಲರೂ ಕಲ್ಲಾದರು. ಗುಂಡಿ ಒತ್ತಿದೆ. ಹುಟ್ಟಿದಾಗಿನಿಂದ ಮೆಣಸಿನಕಾಯಿ ಘಾಟು ಕುಡಿದ ಅವರಿಗೇನೂ ಆಗಲಿಲ್ಲ. ಸೀನಿದ್ದು ನಾನು, ಅಲುಗಿದ್ದು ಕ್ಯಾಮೆರಾ. ಫೋಟೋದಲ್ಲಿ ಒಬ್ಬೊಬ್ಬರಿಗೂ ಎರಡೆರಡು ಮೂಗು.

ಮತ್ತೆ ಒತ್ತಿದೆ, ಮತ್ತೆ ಸೀನಿದೆ. ಮೂರನೆಯದಕ್ಕೆ ಅಕ್ಕನ ಕಣ್ಣಲ್ಲಿ ನೀರು ಬಂತು, ಘಾಟಿಗಲ್ಲ. ಕೂಸು ಈಗಲೋ ಆಗಲೋ ಏಳುವಂತಿತ್ತು. ದಿಕ್ಕು ತೋಚದೆ, ಕ್ಯಾಮೆರಾ ತಾನೇ ಕ್ಲಿಕ್ಕಿಸಲೆಂದು ಟೈಮರ್ ಹಚ್ಚಿದೆ, ಮೂಗು ಹಿಡಿದುಕೊಂಡು ಬೀದಿಗೆ ಓಡಿದೆ.

ಮನಸಾರೆ ಸೀನಿ ಒಳಗೆ ಬಂದರೆ ಎಲ್ಲರೂ ಕ್ಯಾಮೆರಾದ ಸುತ್ತ. ನನ್ನ ಓಟ ನೋಡಲು ತಿರುಗಿದವರೆಲ್ಲ ಮಸುಕಾಗಿದ್ದರು. ನಡುವೆ ಅಜ್ಜಿ, ಮಡಿಲಲ್ಲಿ ಕೂಸು, ರೆಪ್ಪೆಕೂದಲು ಸಹಿತ ಸ್ಪಷ್ಟ. ಅಕ್ಕ ಅಳುತ್ತಲೇ ನಕ್ಕಳು.

ಅಜ್ಜಿ ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದಳು.

"ತಮ್ಮಾ, ಭಾಳ ಚಲೋ ತೆಗದೈತಿ ನಿನ್ನ ಕ್ಯಾಮೆರಾ. ಮುಂದಿನ ಸಲ ಅದನ್ನಷ್ಟ ಕಳಸು, ನೀ ಮನ್ಯಾಗ ಇರು."