ಬಿಳಿ ಹಕ್ಕಿ ಹಾರಿದ ರೀತಿ

ಬೆಳಗ್ಗೆ ಏಳಕ್ಕೆ ಅಡುಗೆಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಮೇಷ್ಟ್ರೇ, ಬಿಳೀ ಹಕ್ಕಿ!” ಎಂದು ಕೂಗದೆ ಇದ್ದಿದ್ದರೆ ಆ ದಿನ ದೋಣಿಯಲ್ಲಿ ಎಲ್ಲರೂ ಸುಖವಾಗಿರುತ್ತಿದ್ದರು.

ಸಮೀಕ್ಷೆಯ ದೋಣಿಯಲ್ಲಿ ಕೂತು ಕಡಲ ಹಕ್ಕಿಗಳನ್ನು ಎಣಿಸುವುದು ಹಕ್ಕಿ ಮೇಷ್ಟ್ರ ಕೆಲಸ. ಇಪ್ಪತ್ತೆಂಟು ವರ್ಷ ಎಣಿಸಿದ್ದಾರೆ. ಅಪರೂಪದ ಹಕ್ಕಿಯನ್ನು ಮೊದಲು ಗುರುತಿಸಿದವರ ಹೆಸರು ಬರೆದಿಡುವ ದಪ್ಪ ಪುಸ್ತಕವೊಂದು ಕಚೇರಿಯಲ್ಲಿದೆ. ಅದರಲ್ಲಿ ಮೇಷ್ಟ್ರ ಹೆಸರಿಲ್ಲ. ನಾಳೆ ನಿವೃತ್ತಿ. ಒಂದೇ ಒಂದು ಸಾಲು ತಮ್ಮ ಹೆಸರಿನಲ್ಲಿರಲಿ ಎಂಬ ಆಸೆ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಆದರೆ ಹೋದ ವರ್ಷವೂ ಹೀಗೇ ಬಿಳಿ ಹಕ್ಕಿ ಕಂಡು, ಮೇಷ್ಟ್ರು ಊರಿಗೆಲ್ಲ ಡಂಗುರ ಸಾರಿದ್ದರು. ಪಂಡಿತರ ಸಮಿತಿ ಫೋಟೋ ನೋಡಿ, “ಮಾಮೂಲಿ ಕಂದು ಹಕ್ಕಿ, ಗರಿಗೆ ಬಣ್ಣ ಬಂದಿಲ್ಲ ಅಷ್ಟೆ” ಎಂದು ಬರೆದು ಕಳಿಸಿತು. ಅಂದಿನಿಂದ ಭಾವಮೈದುನ ಫೋನಿನಲ್ಲಿ ಹಲೋ ಎನ್ನುವುದನ್ನೇ ಬಿಟ್ಟು, “ಹೊಸ ಹಕ್ಕಿ ಸಿಕ್ತಾ ಭಾವ?” ಎನ್ನುತ್ತಾನೆ.

ಹಾಗಾಗಿ ಮೇಷ್ಟ್ರು ಕಂದು ಹಿಂಡಿನ ನಡುವಿನ ಬಿಳಿಯದನ್ನು ಒಂದೇ ಸಲ ನೋಡಿ ದುರ್ಬೀನು ಇಳಿಸಿದರು. “ಬೆಳ್ಳಗಿರೋದೆಲ್ಲ ಹಾಲಲ್ಲ ಕಣಯ್ಯ. ಮಾಮೂಲಿದೇ, ಬಣ್ಣಗೆಟ್ಟಿದೆ.”

“ಇನ್ನೊಂದ್ಸಲ ನೋಡ್ಬಾರ್ದಾ?” ಎಂದ ಕ್ಯಾಪ್ಟನ್.

“ನಮ್ಮತ್ತೆ ಮನೇಲಿ ಬಿಳೀ ಪಾರಿವಾಳ ಇತ್ತು,” ಎಂದ ಎಂಜಿನ್ನಿನವನು, ಯಾರೂ ಕೇಳದಿದ್ದರೂ.

ಮೇಷ್ಟ್ರಿಗೆ ರೇಗಿತು. ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು, ಕಡಲಿಗೆ ಬೆನ್ನು ಮಾಡಿ ಪಾಠ ಶುರುಮಾಡಿದರು. “ಕಡಲಲ್ಲಿ ಬಣ್ಣ ನಂಬಬೇಡಿ. ಬಿಸಿಲು ಮೋಸ ಮಾಡುತ್ತೆ, ಗರಿಯೂ ಮೋಸ ಮಾಡುತ್ತೆ. ಹೇಗೆ ಹಾರುತ್ತೆ ನೋಡಿ, ಅದು ಸುಳ್ಳು ಹೇಳಲ್ಲ.”

“ಇದು ರೆಕ್ಕೇನೇ ಬಡೀತಿಲ್ಲ ಮೇಷ್ಟ್ರೇ,” ಎಂದ ಅಡುಗೆಯವನು, ಅವರ ಹೆಗಲಾಚೆ ಮೊಬೈಲು ಹಿಡಿದು. “ಉಳಿದವು ಪಟಪಟ ಅಂತಿವೆ. ಇದು ಸುಮ್ನೆ ಜಾರ್ತಿದೆ, ನೀರು ಮುಟ್ಟೋ ಹಾಗೆ.”

“ಪಾಠದ ಮಧ್ಯೆ ಬಾಯಿ ಹಾಕ್ಬೇಡ!”

ಪಾಠ ಮುಗಿಸಿ ಮೇಷ್ಟ್ರು ತಿರುಗುವಷ್ಟರಲ್ಲಿ ಕಡಲು ಖಾಲಿ. “ಮಾಮೂಲಿ ಕಂದು ಹಕ್ಕಿ, ಬಣ್ಣದ ದೋಷ” ಎಂದು ದಿನಚರಿಯಲ್ಲಿ ಬರೆದು, ಸಹಿ ಹಾಕಿ, ದಡ ಹತ್ತಿರವಾಗುತ್ತಲೇ ಯಾರೂ ಕೇಳುವ ಮೊದಲೇ ಕಚೇರಿಗೂ ಕಳಿಸಿಬಿಟ್ಟರು. ಈ ಸಲ ಯಾರೂ ನಗುವಂತಿಲ್ಲ. ಆದರೂ ಖಾಲಿ ಕಡಲ ಕಡೆ ಇನ್ನೊಮ್ಮೆ ದುರ್ಬೀನು ಎತ್ತಿದರು. ನಿಜಕ್ಕೂ ಹೊಸದಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಸಂಜೆ ಕಚೇರಿಯ ಸಾಹೇಬರ ಫೋನ್ ಬಂತು. “ಮೇಷ್ಟ್ರೇ, ನಿಮ್ಮ ಅಡುಗೆಯವರು ವಿಡಿಯೋ ಕಳಿಸಿದ್ರು. ಸಮಿತಿ ಒಪ್ಪಿದೆ. ನಮ್ಮ ಕಡಲಲ್ಲಿ ಈ ಹಕ್ಕಿ ಇದೇ ಮೊದಲು! ಗುರುತಿಸಿದ್ದು ಮೇಷ್ಟ್ರು ಅಂತಲೇ ಹೇಳಿದ್ರು ಪುಣ್ಯಾತ್ಮ. ನಿಮ್ಮ ಹೆಸರು ಬರೆಯೋಕೆ ಪೆನ್ನೂ ತೆಗೆದಿದ್ದೆ...”

ಮೇಷ್ಟ್ರ ಕಣ್ಣು ತುಂಬಿ ಬಂತು.

“...ಅಷ್ಟರಲ್ಲಿ ನಿಮ್ಮ ದಿನಚರಿ ಬಂತು. ಮಾಮೂಲಿ ಹಕ್ಕಿ ಅಂತ ನೀವೇ ಸಹಿ ಹಾಕಿದ್ದೀರಲ್ಲ? ಅದಕ್ಕೆ ಅಡುಗೆಯವರ ಹೆಸರೇ ಬರೆದೆ. ಪಾಪ, ಅವರಿಗೆ ಬರವಣಿಗೆ ಬರಲ್ವಂತೆ. ಹಕ್ಕಿ ವರ್ಣನೆ ಒಂದು ಪುಟ ನೀವೇ ಬರೆದುಕೊಡಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೇಷ್ಟ್ರು ಕಾಗದ ತೆಗೆದು ಬಣ್ಣ, ಗಾತ್ರ, ಜಾಗ, ಹೊತ್ತು ಎಲ್ಲ ಬರೆದರು. ‘ಹಾರುವ ರೀತಿ’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಎದ್ದು ದೋಣಿಯ ಅಡುಗೆಮನೆಗೆ ಹೋದರು. ಅಡುಗೆಯವನು ಪಾತ್ರೆ ತೊಳೆಯುತ್ತಿದ್ದ. ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿದರು: “ಅದು ಹೇಗೆ ಹಾರ್ತಿತ್ತು, ಸ್ವಲ್ಪ ಹೇಳ್ತೀರಾ?”