ವಸಂತಮ್ಮನ ತಂಪು ಕೋಣೆ

ಈ ಸಲ ಮೂಡಿಗೆರೆಯ ಸೆಕೆಗೆ ಯಾರನ್ನು ಬೈಯುವುದೆಂದು ತಿಳಿಯದೆ ವಸಂತಮ್ಮ ಗಂಡನನ್ನೇ ಬೈದಳು. ಬೈದು ಬೈದು ಕೊನೆಗೆ ಎಸಿ ಕೇಳಿದಳು.

"ಜನ ನಗ್ತಾರೆ ಮಾರಾಯ್ತಿ. ಇದು ಕಂಬಳಿ ಹೊದೆಯೋ ಊರು," ಎಂದರು ವಿಶ್ವನಾಥ್. (ಆ ಕಂಬಳಿಗಳನ್ನು ಮಾರುವ ಅಂಗಡಿ ಅವರದೇ.)

"ನಗೋರು ನಗ್ಲಿ. ಬೇಯೋಳು ನಾನು."

ಎಸಿ ಬಂತು. ಅದರ ಹಿಂದೆಯೇ ಒಂದು ರಾಜಶಾಸನವೂ ಹೊರಟಿತು: ಕಿಟಕಿ, ಬಾಗಿಲುಗಳನ್ನು ಯಾರೂ ತೆರೆಯತಕ್ಕದ್ದಲ್ಲ. ಮಧ್ಯಾಹ್ನದ ಊಟವಾದೊಡನೆ ದಂಪತಿಗಳು ಕೋಣೆ ಸೇರಿ, ಚಳಿ ಹುಟ್ಟುವಷ್ಟು ತಂಪು ಮಾಡಿಕೊಂಡು, ಅಂಗಡಿಯ ಕಂಬಳಿಯನ್ನೇ ಹೊದ್ದು ಮಲಗುತ್ತಿದ್ದರು. ದಿನವೂ ಜಗಲಿಗೆ ಬಂದು ಹರಟುತ್ತಿದ್ದ ಪಕ್ಕದ ಮನೆಯ ನಿಖತ್, ಮುಚ್ಚಿದ ಬಾಗಿಲು ನೋಡಿ ಹಿಂದಿರುಗತೊಡಗಿದಳು.

"ನೀವು ಮನೇಲಿದೀರೋ ಊರಿಗೆ ಹೋಗಿದೀರೋ, ಈಗ ಗೊತ್ತೇ ಆಗಲ್ಲ ವಸಂತಕ್ಕ," ಎಂದು ಅವಳು ನಕ್ಕಾಗ ವಸಂತಮ್ಮನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸಿತು.

ಎರಡು ಮನೆಗೂ ಅಂಗಳ ಒಂದೇ. ಅಲ್ಲಿ ಎರಡೂ ಮನೆಯ ಕಾಳುಮೆಣಸು ಒಣಗುತ್ತಿತ್ತು. ಮೋಡ ಕಂಡವರು ಕೂಗಬೇಕು. ಮನೆಯಲ್ಲಿ ಜನವಿಲ್ಲದವರ ಮೆಣಸನ್ನು ಮೊದಲು ಎತ್ತಬೇಕು. ಆ ಕೇರಿಯಲ್ಲಿ ಇದು ಹಿಂದಿನಿಂದ ಬಂದ ಕಟ್ಟಳೆ.

ಕಾಫಿ ಗಿಡ ಹೂವಾಗಲು ಊರಿಗೆ ಊರೇ ಕಾದಿದ್ದ ಹೂಮಳೆ ಒಂದು ಮಧ್ಯಾಹ್ನ ಬಂದೇ ಬಂತು. ವಸಂತಮ್ಮನಿಗೆ ಕೇಳಿಸಲಿಲ್ಲ. ಕೋಣೆಯೊಳಗೆ ಎಸಿಯ ಶ್ರುತಿ, ಅದಕ್ಕೆ ವಿಶ್ವನಾಥರ ಗೊರಕೆಯ ಆಲಾಪ.

ಎದ್ದು ಬಾಗಿಲು ತೆರೆದರೆ ಒದ್ದೆ ಮಣ್ಣಿನ ವಾಸನೆ. ಮಳೆ ನಿಂತಿತ್ತು. ಅಂಗಳ ಬರಿದಾಗಿತ್ತು.

"ಅಯ್ಯೋ, ನಮ್ಮ ಮೆಣಸು ಕದ್ರು ಕಣ್ರೀ!"

ಹೊದ್ದ ಕಂಬಳಿಯಲ್ಲೇ ವಸಂತಮ್ಮ ನಿಖತಳ ಮನೆಗೆ ಓಡಿದಳು. ಅಲ್ಲಿ ಜಗಲಿಯ ಮೇಲೆ ವಸಂತಮ್ಮನ ಮೆಣಸು ಗೋಣಿಚೀಲಗಳಲ್ಲಿ ಬೆಚ್ಚಗೆ ಕುಳಿತಿತ್ತು. ಪಕ್ಕದಲ್ಲಿ ನಿಖತ್ ತನ್ನ ಮೆಣಸಿನ ನೀರು ಬಸಿಯುತ್ತಿದ್ದಳು. ಅವಳ ದುಪಟ್ಟಾದಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಎಷ್ಟು ಕೂಗ್ದೆ ವಸಂತಕ್ಕ! ಬಾಗ್ಲೂ ಬಡಿದೆ. ಊರಿಗೆ ಹೋಗಿದೀರೇನೋ ಅಂತ ನಿಮ್ದೇ ಮೊದ್ಲು ಎತ್ತಿದೆ. ನಮ್ದಕ್ಕೆ ಬರೋಷ್ಟ್ರಲ್ಲಿ..." ಅವಳ ಕಣ್ಣು ಕಂಬಳಿಯ ಮೇಲೆ ಬಿತ್ತು. "ಅಯ್ಯೋ, ಜ್ವರಾನಾ?"

ಹೌದೆಂದು ಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ನಿಖತ್," ಎಂದಳು ವಸಂತಮ್ಮ, ತಲೆ ತಗ್ಗಿಸಿ. "ಎಸಿ."

ಆ ಸಂಜೆ ನಿಖತಳ ಮೆಣಸು ಮೆರವಣಿಗೆಯಲ್ಲಿ ಬಂದು ವಸಂತಮ್ಮನ ಮಂಚವೇರಿತು. ಅದು ಒಣಗಲೆಂದು ಮೇಲೆ ಫ್ಯಾನು, ಗೋಡೆಯಲ್ಲಿ ಎಸಿ. ವಿಶ್ವನಾಥ್ ಜಗಲಿಯಲ್ಲಿ ಚಾಪೆ ಹಾಸಿ, ಅಂಗಡಿಯ ರಟ್ಟಿನಿಂದ ಗಾಳಿ ಬೀಸಿಕೊಳ್ಳತೊಡಗಿದರು.

"ಕಾಳಿಗೆ ತಂಪು, ಕಟ್ಕೊಂಡವನಿಗೆ ಸೆಕೆ!" ಎಂದರು.

ಎಷ್ಟೋ ದಿನಗಳ ಮೇಲೆ ನಿಖತ್ ಜಗಲಿಗೆ ಬಂದು ವಸಂತಮ್ಮನ ಪಕ್ಕದಲ್ಲಿ ಕುಳಿತಿದ್ದಳು. ಇನ್ನೊಂದು ಹೂಮಳೆಗೆ ಇನ್ನೊಂದು ವರ್ಷ ಕಾಯಬೇಕು.

"ಮಳೆ ಸದ್ದು ಹ್ಯಾಗಿತ್ತು ನಿಖತ್?"

"ಹ್ಯಾಗಿರತ್ತೆ? ನಾನು ನಿಮ್ಮ ಬಾಗ್ಲು ಬಡೀತಿದ್ನಲ್ಲ," ಎಂದಳು ನಿಖತ್, "ನಂಗೂ ಸರಿಯಾಗಿ ಕೇಳಿಸ್ಲಿಲ್ಲ ಅಕ್ಕ."